ದಿಣ್ಣೆಯಲ್ಲಿ ಯಾರೂ ಇಳಿಯಬಾರದು

ಆಯುಧಪೂಜೆಗೆ ಮನೆಯ ಟೂಲ್ಸೆಲ್ಲ ತೊಳೆಯೋಣವೆಂದು ಹಳೆಯ ಬಿಸ್ಕತ್ತಿನ ಡಬ್ಬದ ಮುಚ್ಚಳ ತೆಗೆದೆ. ಮೊದಲು ಡೀಸೆಲ್ ವಾಸನೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ, ನಮ್ಮ ವರ್ಕ್‌ಶಾಪಿನಲ್ಲಿ ಗೇರಿನ ಹಲ್ಲಿಗೆ ಬಳಿಯುವ ನೀಲಿಯದು. ಸ್ಪಿರಿಟ್ಟಿನ ಹಾಗೆ ಮೂಗಿನೊಳಗೆ ತಣ್ಣಗೆ ಹೋಗುವಂಥದ್ದು. ಡಬ್ಬದ ತಳದಲ್ಲಿ ಸೈಕಲ್ಲಿನ ಹಿಂದಿನ ಚಕ್ರದ ಒಂದು ಹಲ್ಲುಬಿಲ್ಲೆ ಇತ್ತು. ಮೂವತ್ತನಾಲ್ಕು ಹಲ್ಲಿನದು. ಅದನ್ನು ಅಲ್ಲಿಟ್ಟವನು ನಾನೇ. ಇಟ್ಟದ್ದು ಮರೆತಿರಲಿಲ್ಲ. ಮತ್ತೆ ನೋಡುವುದು ಬೇಡ ಎಂದುಕೊಂಡಿದ್ದೆ, ಅಷ್ಟೆ.

ನಾನು ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಘಟಕದಲ್ಲಿ ಗೇರುಗಳನ್ನು ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹಲ್ಲು ಅಳೆಯುವುದು, ಸವೆತ ನೋಡುವುದು, ಪಾಸು ಅಥವಾ ಫೇಲು ಎಂದು ಬರೆಯುವುದು. ಕಂಡದ್ದನ್ನು ಬರಿ, ಅಂದುಕೊಂಡದ್ದನ್ನು ಬರೀಬೇಡ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೇಳಿಕೊಟ್ಟಿದ್ದರು. ಇದನ್ನೂ ಹಾಗೆಯೇ ಬರೆಯಲು ನೋಡುತ್ತೇನೆ.

ನಮ್ಮ ಎದುರು ಮನೆಯಲ್ಲಿ ಡ್ರಿಲ್ ಮೇಷ್ಟ್ರಿದ್ದರು. ತುಮಕೂರಿನ ಒಂದು ಹೈಸ್ಕೂಲಿನಲ್ಲಿ ನನಗೂ ಅವರೇ ಡ್ರಿಲ್ ಹೇಳಿಕೊಟ್ಟವರು. ಬಿಳಿ ಕ್ಯಾನ್ವಾಸ್ ಶೂ, ಕತ್ತಿನಲ್ಲಿ ಸೀಟಿ, ಭಾನುವಾರವೂ ಅದೇ ನಡಿಗೆ. ನಾನು ಗೇರಿನ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದರು. "ಏನ್ಲಾ ಇನ್ಸ್‌ಪೆಕ್ಟ್ರು, ಇವತ್ತು ಎಷ್ಟು ಹಲ್ಲು ಕಿತ್ತೆ?" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. ಅವರ ಮನೆಯವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೇಷ್ಟ್ರೂ ಸಾರ್ ಅನ್ನಿಸಿಕೊಳ್ಳುವುದಕ್ಕಿಂತ ಹತ್ತಿರದವರೇ ಆಗಿದ್ದರು, ಆದರೆ ಬಾಯಿಗೆ ಬರುತ್ತಿದ್ದದ್ದು ಸಾರ್ ಎಂದೇ.

ಅವರ ತಾಯಿ ತೀರಿಕೊಂಡ ಮಾರನೆಯ ವರ್ಷ, ರಿಟೈರಾಗುವುದಕ್ಕೆ ಸ್ವಲ್ಪ ಮುಂಚೆ, ಒಂದು ಬೆಳಿಗ್ಗೆ ನಮ್ಮ ಗೇಟಿನ ಹತ್ತಿರ ಬಂದು ನಿಂತರು. ಕೂಗಲಿಲ್ಲ. ಅದೇ ನನಗೆ ಮೊದಲು ವಿಚಿತ್ರವೆನಿಸಿದ್ದು.

"ನಿಂಗೆ ಗೇರಿನ ಲೆಕ್ಕ ಬರುತ್ತಲ್ವೇನ್ಲಾ? ಒಂದು ಸೈಕಲ್ಲಿಗೆ ಹಾಕ್ಕೊಡು. ಲೋಡ್ ಹೊತ್ಕೊಂಡು ದಿಣ್ಣೆ ಹತ್ಬೇಕು."

ರಿಟೈರಾದ ಮೇಲೆ ಸೈಕಲ್ಲಿನಲ್ಲಿ ಮಂಗಳೂರಿಗೆ ಹೋಗುತ್ತೇನೆ, ಸಮುದ್ರ ನೋಡಿ ಘಾಟಿ ಹತ್ತಿ ವಾಪಸ್ ಬರುತ್ತೇನೆ ಎಂದರು. ಟೆಂಟು, ಸ್ಟವ್ವು, ಅಕ್ಕಿ, ಹೊದಿಕೆ ಎಲ್ಲ ಸೈಕಲ್ಲಿನ ಮೇಲೆಯೇ. ಆ ವಯಸ್ಸಿನಲ್ಲಿ ಮಾಡಬಾರದ್ದೇನಲ್ಲ. ಮೈ ಗಟ್ಟಿಯಿತ್ತು. ನಾನು ಖುಷಿಯಿಂದಲೇ ಒಪ್ಪಿಕೊಂಡೆ.

ಹಳೆಯ ಉಕ್ಕಿನ ಫ್ರೇಮು ಒಂದು ಅವರ ಬಳಿ ಆಗಲೇ ಇತ್ತು. ಮಿಕ್ಕ ಭಾಗಗಳಿಗೆ ಊರಲ್ಲೇ ಗುಬ್ಬಿ ಗೇಟಿನ ಹತ್ತಿರದ ಸೈಕಲ್ ಶಾಪಿಗೆ ಹೋದೆವು. ಶಾಪಿನವನು ಮಾತುಗಾರ.

"ಮೇಷ್ಟ್ರೇ, ಈ ಕಾಲ್ದಲ್ಲಿ ಮುಂದೆ ಪೆಡಲ್ ಹತ್ರ ಮೂರು ಹಲ್ಲುಚಕ್ರ ಯಾರ್ ಹಾಕಿಸ್ತಾರೆ? ಒಂದೇ ಹಾಕಿ, ಹಿಂದೆ ಊಟದ ತಟ್ಟೆಯಷ್ಟು ದೊಡ್ಡದು ಹಾಕ್ಬುಡಿ. ಸ್ಟೈಲಾಗಿರುತ್ತೆ."

"ಆ ತಟ್ಟೆ ಸಕಲೇಶಪುರದಲ್ಲಿ ಮುರಿದ್ರೆ ನಿನ್ನ ಸ್ಟೈಲ್ ಬಂದು ತಳ್ಳುತ್ತೇನಯ್ಯಾ?" ಎಂದರು ಮೇಷ್ಟ್ರು.

ಅದರಲ್ಲಿ ಅವರ ಮಾತೇ ಸರಿ ಎಂದು ನಾನೂ ಹೇಳಿದೆ. ಲೋಡ್ ಗಾಡಿಗೆ ಹಗುರಕ್ಕಿಂತ ಬಾಳಿಕೆ ಮುಖ್ಯ. ಮುಂದೆ ಮೂರು ಹಲ್ಲುಚಕ್ರ. ಹಿಂದೆ ಎಂಟು ಬಿಲ್ಲೆಯದು ಸಾಕು, ಹನ್ನೊಂದರದ್ದು ಬೇಡ. ಬಿಲ್ಲೆ ಹೆಚ್ಚಾದಷ್ಟೂ ಚೈನು ತೆಳ್ಳಗಾಗುತ್ತದೆ, ಭಾರ ಎಳೆದರೆ ಬೇಗ ಹಿಗ್ಗುತ್ತದೆ. ಎಂಟರ ಚೈನು ಗುಬ್ಬಿಯಲ್ಲೂ ಸಿಗುತ್ತದೆ, ಕುಣಿಗಲ್ಲಿನಲ್ಲೂ ಸಿಗುತ್ತದೆ. ಗೇರು ಬದಲಿಸುವ ಲಿವರ್ರು ಕ್ಲಿಕ್ ಕ್ಲಿಕ್ ಎನ್ನುವುದಲ್ಲ, ಬೆರಳಿನ ಅಂದಾಜಿನಲ್ಲಿ ಜರುಗಿಸುವ ಹಳೆಯ ಥರದ್ದು. ಕೇಬಲ್ ಸಡಿಲವಾದರೂ ಅದು ಕೆಲಸ ನಿಲ್ಲಿಸುವುದಿಲ್ಲ. ಚೈನನ್ನು ಬಿಲ್ಲೆಯಿಂದ ಬಿಲ್ಲೆಗೆ ದೂಡುವ ಡಿರೇಲರ್ ಉದ್ದ ಕೈಯದ್ದಾಗಿರಬೇಕು, ಇಲ್ಲದಿದ್ದರೆ ಚಿಕ್ಕದಕ್ಕೆ ಬಂದಾಗ ಚೈನು ಜೋತು ಬೀಳುತ್ತದೆ. ಇಷ್ಟರವರೆಗೆ ನಾವಿಬ್ಬರೂ ಒಂದೇ ಮಾತು.

ತೀರ ಕೆಳಗಿನ ಗೇರಿಗೆ ಬಂದಾಗ ವ್ಯತ್ಯಾಸ ಬಂತು. ಮೇಷ್ಟ್ರ ತೂಕ, ಸೈಕಲ್ಲು, ಸಾಮಾನಿನ ನಾಲ್ಕು ಬ್ಯಾಗು, ಘಾಟಿಯ ಏರು, ಎಲ್ಲ ಸೇರಿಸಿ ಲೆಕ್ಕ ಹಾಕಿದ್ದೆ. ಮುಂದೆ ಇಪ್ಪತ್ತಾರು ಹಲ್ಲು, ಹಿಂದೆ ಮೂವತ್ತೆರಡು ಸಾಕಾಗುತ್ತಿತ್ತು.

"ಇನ್ನೊಂದು ಮೂವತ್ತು ಕೇಜಿ ಹಾಕು," ಎಂದರು.

"ಯಾತಕ್ಕೆ ಸಾರ್? ಅಕ್ಕಿ ನೀರು ಎಲ್ಲಾ ಸೇರ್ಸಿದೀನಿ."

"ಹಾಕಪ್ಪ."

ಹಾಕಿದೆ. ಮುಂದೆ ಇಪ್ಪತ್ತೆರಡು, ಹಿಂದೆ ಮೂವತ್ತನಾಲ್ಕು. ಪೆಡಲ್ ಒಂದು ಪೂರ್ತಿ ಸುತ್ತು ತುಳಿದರೆ ಹಿಂದಿನ ಚಕ್ರ ಮೂರರಲ್ಲಿ ಎರಡು ಪಾಲೂ ತಿರುಗುವುದಿಲ್ಲ. ಆ ಗೇರಿನಲ್ಲಿ ಮರವನ್ನೂ ಎಳೆಯಬಹುದು. ಆದರೆ ಪಕ್ಕದಲ್ಲಿ ನಡೆದುಕೊಂಡು ಹೋಗುವವನು ನಿಮ್ಮನ್ನು ದಾಟಿಬಿಡುತ್ತಾನೆ.

"ಅಷ್ಟು ನಿಧಾನಕ್ಕೆ ಲೋಡ್ ಗಾಡಿ ನಿಲ್ಲಲ್ಲ ಸಾರ್. ಓಲಾಡಿ ಅಡ್ಡ ಬೀಳುತ್ತೆ."

"ಸೊಂಟ ಗಟ್ಟಿಯಾಗಿ ಹಿಡ್ಕೊಂಡಿದ್ರೆ ಬೀಳಲ್ಲ ಬುಡು," ಎಂದರು.

ಯಾರ ಸೊಂಟವನ್ನು ಯಾರು ಹಿಡಿದುಕೊಳ್ಳುವುದು... ತಮಾಷೆ ಎಂದುಕೊಂಡೆ.

ಆಮೇಲೆ ಫುಟ್‌ರೆಸ್ಟ್ ಕೇಳಿದರು. ಕ್ಯಾರಿಯರ್ ಮೇಲೆ ಕೂತವರು ಕಾಲಿಡುವ, ರಬ್ಬರ್ ಹಾಕಿದ ಎರಡು ಕಬ್ಬಿಣದ ತುಂಡು. ದೂರದ ಸವಾರಿಗೆ ಹೋಗುವವರು ಯಾರೂ ಹಾಕಿಸುವುದಿಲ್ಲ.

"ಓಹೋ, ಮೇಡಮ್ಮನ್ನೂ ಕೂರಿಸ್ಕೊಂಡು ಹೋಗ್ತೀರಾ?" ಎಂದ ಶಾಪಿನವನು.

"ಅವಳನ್ನ ಕೂರಿಸ್ಕೊಂಡ್ರೆ ಇವ್ನು ಹಾಕಿರೋ ಗೇರೂ ಸಾಕಾಗಲ್ಲ ಕಣೋ."

ಎಲ್ಲರೂ ನಕ್ಕೆವು. ಅವನು ಬಗ್ಗಿ ಫುಟ್‌ರೆಸ್ಟನ್ನು ಎಲ್ಲರಿಗೂ ಹಾಕುವ ಜಾಗದಲ್ಲಿ, ಅಚ್ಚಿನ ಪಕ್ಕದಲ್ಲಿ ಹಿಡಿದು ತೋರಿಸಿದ. ಮೇಷ್ಟ್ರು ಕೈ ಹಾಕಿ ಅದನ್ನು ಒಂದು ಗೇಣಿನಷ್ಟು ಮೇಲಕ್ಕೆ ಎತ್ತಿದರು.

"ಅಷ್ಟು ಕೆಳಗೆ ಬೇಡ. ಎಟಕಲ್ಲ."

ಶಾಪಿನವನು ಮತ್ತೆ ನಗಲು ಹೋಗಿ ಅವರ ಮುಖ ನೋಡಿ ಸುಮ್ಮನಾದ. ಸ್ಪ್ಯಾನರ್ ತೆಗೆದುಕೊಂಡು ಅವರು ಹೇಳಿದ ಜಾಗಕ್ಕೇ ಬಿಗಿದ. 

ಗಾಡಿ ಸಿದ್ಧವಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಊರ್ಡಿಗೆರೆ ಕಡೆಗೆ ಹೋಗಿ ದುರ್ಗದ ಬೆಟ್ಟದ ಏರಿನಲ್ಲಿ ನೋಡೋಣ ಎಂದು ಹೊರಟೆವು. ಬ್ಯಾಗುಗಳಲ್ಲಿ ಮರಳು ತುಂಬಿದ್ದೆವು. ಕ್ಯಾರಿಯರ್ ಮೇಲೂ ಒಂದು ಮೂಟೆ ಕಟ್ಟೋಣವೆಂದು ಹಗ್ಗ ತಂದಿದ್ದೆ. "ಅಲ್ಲಿ ಏನೂ ಕಟ್ಬೇಡ," ಎಂದರು ಮೇಷ್ಟ್ರು. ಅಲ್ಲಿ ಒಂದು ಟವೆಲ್ಲನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಜಾರದಂತೆ ದಾರದಲ್ಲಿ ಕಟ್ಟಿದ್ದರು.

ನಾನು ನನ್ನ ಸೈಕಲ್ಲಿನಲ್ಲಿ ಹಿಂದೆ ಇದ್ದೆ. ಒಳ್ಳೆಯ ಬಿಸಿಲಿತ್ತು. ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಸಮತಟ್ಟಿನಲ್ಲಿ ಅವರ ಚೈನಿನ ಸದ್ದು ಹೊಸ ಚೈನಿನ ಹಾಗೆಯೇ ಇತ್ತು, ಸಣ್ಣಗೆ, ಒಂದೇ ಸಮ. ಏರು ಇನ್ನೂ ಶುರುವಾಗಿರಲಿಲ್ಲ, ಒಂದು ಹುಣಸೆಮರದ ಹತ್ತಿರ, ಅವರು ಇದ್ದಕ್ಕಿದ್ದಂತೆ ತೀರ ಕೆಳಗಿನ ಗೇರಿಗೆ ಇಳಿಸಿದರು. ಅವಸರಪಟ್ಟರು ಎಂದುಕೊಂಡೆ. ಅಷ್ಟರಲ್ಲಿ ಚೈನಿನ ಸದ್ದು ಬದಲಾಯಿತು. ಭಾರ ಬಿದ್ದಾಗ ಬರುವ ಒತ್ತಿದ ಸದ್ದು. ಹಿಂದಿನ ಟೈರು ನೆಲಕ್ಕೆ ತಾಗುವ ಕಡೆ ಅಗಲವಾಯಿತು. ನಾನು ದಿನವೂ ಅಳತೆ ನೋಡುವವನು. ಟೈರು ಅಗಲವಾದದ್ದು ಕಂಡೆ. ಅದು ರಸ್ತೆ ಇನ್ನೂ ಸಮವಾಗಿದ್ದಾಗಲೇ.

ಅವರು ಹತ್ತಿದರು. ಓಲಾಡಲಿಲ್ಲ. ಅಷ್ಟು ನಿಧಾನಕ್ಕೆ ಯಾರಾದರೂ ಓಲಾಡಲೇಬೇಕು. ಮೇಲೆ ನಿಂತಾಗ ನಾನು ಮೊದಲು ಮಾಡಿದ ಕೆಲಸ ಟೈರನ್ನು ಹೆಬ್ಬೆಟ್ಟಿನಿಂದ ಒತ್ತಿ ನೋಡಿದ್ದು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಗಾಳಿ ಸರಿಯಾಗೇ ಇದೆ ಕಣೋ ಇನ್ಸ್‌ಪೆಕ್ಟ್ರು," ಎಂದರು. ಬೆವರಿನಲ್ಲಿ ತೊಯ್ದಿದ್ದರು. ಮುಖದಲ್ಲಿ ಮಾತ್ರ, ಹೇಗೆ ಹೇಳಲಿ, ಪರೀಕ್ಷೆಯಲ್ಲಿ ಪಾಸಾದವರ ಹಾಗಿತ್ತು.

ಆ ವಾರ ನಾನು ಅಕ್ಕನನ್ನು ಕೇಳಿದೆ. ಅವರು ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಮೇಷ್ಟ್ರು ಮನೆಯಲ್ಲಿರಲಿಲ್ಲ.

"ಅಕ್ಕ, ಸಾರ್ ಆ ಸೈಕಲ್ ಮೇಲೆ ಯಾರನ್ನ ಕೂರಿಸ್ಕೊಂಡು ಹೋಗ್ತಾರೆ?"

ಅಕ್ಕ ತಲೆ ಎತ್ತಲಿಲ್ಲ. "ಅವರ ತಮ್ಮನ್ನ," ಎಂದರು.

ಅವರಿಗೊಬ್ಬ ತಮ್ಮನಿದ್ದದ್ದೇ ನನಗೆ ಗೊತ್ತಿರಲಿಲ್ಲ. ಅಕ್ಕ ಹೇಳಿದ್ದನ್ನು ಅವರು ಹೇಳಿದಷ್ಟೇ ಬರೆಯುತ್ತೇನೆ. ಮೇಷ್ಟ್ರ ಊರು ಗುಬ್ಬಿಯ ಹತ್ತಿರದ ಒಂದು ಹಳ್ಳಿ. ಅವರ ಸೋದರತ್ತೆಯ ಮನೆ ಕುಣಿಗಲ್ಲಿನಲ್ಲಿ. ಮೇಷ್ಟ್ರು ಹೈಸ್ಕೂಲಿನಲ್ಲಿದ್ದಾಗ ಚಿಕ್ಕ ತಮ್ಮನನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಒಳದಾರಿಯಲ್ಲಿ ಅತ್ತೆ ಮನೆಗೆ ಹೊರಟಿದ್ದರು. ಡಬಲ್ಸ್ ಹೋಗುವಾಗ ದಿಣ್ಣೆ ಬಂದರೆ ಹಿಂದೆ ಕೂತವನು ಇಳಿಯಬೇಕು. ನಮ್ಮ ಕಡೆ ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತು. ತುಳಿಯುವವನು ಮುಂದೆ ಹೋಗಿ ಮೇಲೆ ಕಾಯುತ್ತಾನೆ, ಇಳಿದವನು ನಡೆದುಕೊಂಡು ಬಂದು ಮತ್ತೆ ಹತ್ತುತ್ತಾನೆ. ಕುಣಿಗಲ್ಲಿಗೆ ಮುಂಚೆ ಒಂದು ದಿಣ್ಣೆ ಬಂತು. "ಇಳಿ, ನಡ್ಕೊಂಡು ಬಾ" ಎಂದು ಮೇಷ್ಟ್ರು ಹೇಳಿದರು. ಮೇಲೆ ಹೋಗಿ ನಿಂತರು.

"ಅವ್ನು ಬರ್ಲೇ ಇಲ್ಲ ಕಣಪ್ಪ," ಎಂದರು ಅಕ್ಕ. "ಹಗಲೊತ್ತು. ನೆಟ್ಟಗಿರೋ ರಸ್ತೆ. ಎರಡು ಕಡೆ ಬಯಲು. ಇಳಿದು ಹೋಗಿ ನೋಡಿದ್ರೆ ಯಾರೂ ಇಲ್ಲ. ಬಾವಿ ಗುಂಡಿ ಎಲ್ಲಾ ಇಳಿದು ನೋಡಿದ್ರಂತೆ, ಕೆರೆಗೆ ಬಲೆ ಬಿಟ್ರಂತೆ. ಚಪ್ಲಿನೂ ಸಿಗ್ಲಿಲ್ಲ."

ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದರು.

"ನಮ್ಮತ್ತೆ, ಇವರಮ್ಮ, ಆ ಮಾತು ಯಾವತ್ತೂ ಎತ್ತಿದೋರಲ್ಲ. ಹೋಗೋ ದಿವ್ಸ ಇವರ ಕೈ ಹಿಡ್ಕೊಂಡು, 'ಚಿಕ್ಕೋನು ಹತ್ತುದ್ನೇನ್ಲಾ?' ಅಂತ ಕೇಳುದ್ರು. ಬಂದ್ನಾ ಅಂತಲ್ಲ. ಹತ್ತುದ್ನಾ ಅಂತ.  ಆವತ್ತಿಂದ ಈ ಸೈಕಲ್ಲು..."

ನಾನು ಮನೆಗೆ ಬಂದು ಕೂತೆ. ನನ್ನ ಲೆಕ್ಕದಲ್ಲಿ ಹಾಕಿದ್ದ ಆ ಮೂವತ್ತು ಕೇಜಿ ಏನೆಂದು ಆಗ ಗೊತ್ತಾಯಿತು. ಒಬ್ಬ ಹುಡುಗ ಅಷ್ಟು ತೂಗುತ್ತಾನೆ. ಅವನು ಇಳಿಯದ ಹಾಗೆ ದಿಣ್ಣೆ ಹತ್ತುವ ಗೇರನ್ನು ನಾನು ಆರಿಸಿಕೊಟ್ಟಿದ್ದೆ.

ರಿಟೈರಾದ ಮೇಲೆ ಅವರು ಹೊರಟ ದಿನ ನಾನು ರಜೆ ಹಾಕಿ ಸ್ಕೂಟರಿನಲ್ಲಿ ಜೊತೆಗೆ ಹೋದೆ. ಕುಣಿಗಲ್ ತನಕ ಬಾ, ಅಲ್ಲಿಂದ ನೀನು ವಾಪಸ್ ಹೋಗು ಎಂದು ಅವರೇ ಕರೆದಿದ್ದರು. ತುಮಕೂರಿನಿಂದ ಕುಣಿಗಲ್ಲಿಗೆ ನೇರ ರಸ್ತೆ ಇದೆ. ಅವರು ಗುಬ್ಬಿಗೆ ಹೋಗಿ ಅಲ್ಲಿಂದ ಒಳದಾರಿ ಹಿಡಿದರು.  ಗುಬ್ಬಿಯಲ್ಲಿ ಇಡ್ಲಿ ತಿಂದೆವು. "ಗಾಡಿ ಚೆನ್ನಾಗಿ ಓಡ್ತಿದೆ ಕಣೋ," ಎಂದರು. ಹೊರಡುವಾಗ ಬಾಳೆಹಣ್ಣು ಎರಡು ತೆಗೆದುಕೊಂಡು ಒಂದನ್ನು ತಾವು ತಿಂದರು, ಇನ್ನೊಂದನ್ನು ಟವೆಲ್ಲಿನ ಮಡಿಕೆಯಲ್ಲಿಟ್ಟರು.

ದಿಣ್ಣೆ ದೂರದಿಂದಲೇ ಕಂಡಿತು. ಅಂಥ ದೊಡ್ಡದೇನಲ್ಲ. ನನ್ನ ಹಳೆಯ ಸಾದಾ ಸೈಕಲ್ಲಿನಲ್ಲಿ ಒಬ್ಬನೇ ಆದರೆ ಎದ್ದು ನಿಂತು ತುಳಿದು ಹತ್ತಿಬಿಡಬಹುದಾದ ದಿಣ್ಣೆ. ಅಕ್ಕ ಹೇಳಿದ ಹಾಗೆಯೇ ಎರಡು ಕಡೆ ಬಯಲು, ಅಲ್ಲೊಂದು ಇಲ್ಲೊಂದು ಜಾಲಿ. ಬಿಸಿಲು ನೆತ್ತಿಗೆ ಬಂದಿತ್ತು. ಯಾರ ನೆರಳೂ ಉದ್ದವಿರಲಿಲ್ಲ.

ಬುಡದಲ್ಲಿ ಮೇಷ್ಟ್ರು ನಿಂತರು.

"ನೀನು ಮೇಲೋಗಿ ನಿಂತ್ಕೊ. ನಾನು ಹತ್ತುವಾಗ ಹಿಂದೆ ತಿರುಗೋಕಾಗಲ್ಲ, ಬಿದ್ದೋಗ್ತೀನಿ. ನೀನು ನೋಡ್ತಿರು."

"ಏನು ನೋಡ್ಲಿ ಸಾರ್?"

"ನಿನ್ನ ಕೆಲಸಾನೇ ನೋಡೋದಲ್ವೇನ್ಲಾ. ಇರೋದನ್ನ ನೋಡು."

ನಾನು ಮೇಲೆ ಹೋಗಿ ಸ್ಕೂಟರ್ ನಿಲ್ಲಿಸಿ ತಿರುಗಿ ನಿಂತೆ. ಆಮೇಲೆ ಹೊಳೆಯಿತು, ಅವತ್ತು ಅವರು ನಿಂತಿದ್ದ ಜಾಗ ಇದೇ ಇರಬೇಕು. ಕೆಳಗೆ ಅವರು ಪೆಡಲ್ ಮೇಲೆ ಕಾಲಿಟ್ಟರು. ಹೊರಡುವ ಮುಂಚೆ ಎಡಗೈಯನ್ನು ಹಿಂದಕ್ಕೆ ಚಾಚಿ ಕ್ಯಾರಿಯರನ್ನು ಮೆಲ್ಲಗೆ ಎರಡು ಸಲ ತಟ್ಟಿದರು. ಹಿಂದೆ ಕೂರುವವರಿಗೆ ಹತ್ತು ಎಂದು ತಟ್ಟುವುದು ಹಾಗೆಯೇ. ಆ ಕ್ಷಣ ಸೈಕಲ್ಲು ಒಂದು ಸಲ ಹಿಂದಕ್ಕೆ ಜಗ್ಗಿತು. ಮುಂದಿನ ಚಕ್ರ ಎಡಕ್ಕೆ ತಿರುಗಿ ಮತ್ತೆ ನೇರವಾಯಿತು. ಅವರು ಹ್ಯಾಂಡಲ್ ಬಿಗಿಯಾಗಿ ಹಿಡಿದು ಸರಿಮಾಡಿಕೊಂಡರು.

ಇಪ್ಪತ್ತೆರಡು, ಮೂವತ್ತನಾಲ್ಕು. ಕಾಲುಗಳು ಬೇಗ ಬೇಗ ತಿರುಗುತ್ತಿದ್ದವು, ಸೈಕಲ್ಲು ಮಾತ್ರ ಇರುವೆಯ ಹಾಗೆ ಬರುತ್ತಿತ್ತು. ಗಾಳಿ ಇರಲಿಲ್ಲ. ಅವರ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಒಂದಿಷ್ಟು ಮಾತಾಡುವುದು, ನಿಲ್ಲಿಸುವುದು, ತಲೆ ಆಡಿಸುವುದು. ಕೇಳಿ ಉತ್ತರ ಕೊಡುವವರ ಹಾಗೆ. ಹತ್ತಿರವಾದಂತೆ ಚೈನಿನ ಸದ್ದು ಕೇಳಿಸಿತು. ದುರ್ಗದ ಏರಿನಲ್ಲಿ ಕೇಳಿದ್ದ ಅದೇ ಒತ್ತಿದ ಸದ್ದು. ಹಿಂದಿನ ಟೈರು ಅಗಲವಾಗಿತ್ತು. ಮುಂದಿನದು ದುಂಡಗೇ ಇತ್ತು. ಕ್ಯಾರಿಯರ್ ಮೇಲೆ ಟವೆಲ್ಲು. ಬಿಸಿಲಿನಲ್ಲಿ ಅದರ ಎಳೆ ಎಳೆ ಕಾಣುತ್ತಿತ್ತು. ಮತ್ತೇನೂ ಇರಲಿಲ್ಲ. ಬಾಳೆಹಣ್ಣು ಇರಲಿಲ್ಲ. ಅದು ದಾರಿಯಲ್ಲಿ ಬಿದ್ದಿರಬಹುದು.

ಅವರು ನನ್ನ ಪಕ್ಕ ಬಂದು ಒಂದು ಕಾಲು ಊರಿ ನಿಂತರು. ಉಸಿರು ಕಟ್ಟಿಹೋಗಿತ್ತು. ಮುಂದಕ್ಕೇ ನೋಡುತ್ತ ಕೇಳಿದರು.

"ಇದ್ನಾ?"

ಇಂಥ ಕಡೆ ಇನ್ನೊಬ್ಬನಾಗಿದ್ದರೆ ಇದ್ದ ಸಾರ್ ಎನ್ನುತ್ತಿದ್ದನೋ ಏನೋ. ನಾನು ಕಂಡದ್ದನ್ನು ಹೇಳಿದೆ.

"ಟೈರು ಒತ್ತಿತ್ತು ಸಾರ್. ಕ್ಯಾರಿಯರ್ ಮೇಲೆ ಯಾರೂ ಕಾಣ್ಲಿಲ್ಲ."

ಅವರು ತಿರುಗಿ ಕ್ಯಾರಿಯರನ್ನು ನೋಡಿದರು. ಕೋಪವಿರಲಿಲ್ಲ, ದುಃಖವೂ ಅಲ್ಲ. ಹುಡುಗರ ಸಾಲು ವಕ್ರವಾಗಿದ್ದರೆ ನೋಡುತ್ತಿದ್ದರಲ್ಲ, ಆ ಥರ.

"ಹಂಗಾದ್ರೆ ಇನ್ನೂ ಪೂರ್ತಿ ಹತ್ತಿಲ್ಲ," ಎಂದರು.

ಕುಣಿಗಲ್ ಅಲ್ಲಿಂದ ದೂರವಿರಲಿಲ್ಲ. ಇಳಿಜಾರಿನ ಆಚೆ ದೊಡ್ಡಕೆರೆಯ ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಅವರು ಆ ಕಡೆ ಹೋಗಲಿಲ್ಲ. ಸೈಕಲ್ಲು ತಿರುಗಿಸಿ ಬಂದ ದಾರಿಯಲ್ಲೇ ಮನೆಗೆ ಹೊರಟರು. ಸಮುದ್ರದ ಮಾತನ್ನು ಆಮೇಲೆ ಯಾವತ್ತೂ ಆಡಲಿಲ್ಲ.

ಮಾರನೆಯ ದಿನ ನಾನೇ ಹೋಗಿ ಗಾಡಿಯ ಚೈನು, ಬಿಲ್ಲೆ, ಮುಂದಿನ ಹಲ್ಲುಚಕ್ರ ಎಲ್ಲ ಡೀಸೆಲ್ಲಿನಲ್ಲಿ ತೊಳೆದೆ. ಒರೆಸಿ ಒಣಗಿಸಿ, ಪ್ರತಿ ಹಲ್ಲಿಗೂ ವರ್ಕ್‌ಶಾಪಿನ ನೀಲಿ ಬಳಿದೆ. ಅದು ನಮ್ಮ ಅಭ್ಯಾಸ. ಒಣಗಿದ ಆ ನೀಲಿ ಕೈಗೆ ಹತ್ತುವುದಿಲ್ಲ, ಬಟ್ಟೆಗೂ ಬರುವುದಿಲ್ಲ. ಲೋಹಕ್ಕೆ ಲೋಹ ಉಜ್ಜಿದ ಕಡೆ ಮಾತ್ರ ಹೋಗುತ್ತದೆ. ಯಾವ ಹಲ್ಲು ಕೆಲಸ ಮಾಡಿದೆ, ಯಾವುದು ಮಾಡಿಲ್ಲ ಎಂದು ಅದರಲ್ಲಿ ಗೊತ್ತಾಗುತ್ತದೆ.

"ಮುಂದಿನ ಸಲ ಹೋಗ್ಬಂದ್ಮೇಲೆ ನೋಡೋಣ ಸಾರ್, ಎಲ್ಲಿ ಸವೆಯುತ್ತೆ ಅಂತ."

"ನೋಡುವಂತೆ," ಎಂದರು.

ವರಾಂಡದ ಗೋಡೆಗೆ ಎರಡು ಕೊಂಡಿ ಹೊಡೆದು ಸೈಕಲ್ಲನ್ನು ನೇತು ಹಾಕಿದೆವು. ಅದು ನಮ್ಮ ಗೇಟಿಗೆ ನೇರ ಕಾಣುತ್ತಿತ್ತು. ಕೆಲಸಕ್ಕೆ ಹೊರಡುವಾಗ ನೋಡುತ್ತಿದ್ದೆ, ಬಂದಾಗ ನೋಡುತ್ತಿದ್ದೆ. ಅದು ಕೆಳಗಿಳಿದದ್ದನ್ನು ನಾನು ಒಂದು ದಿನವೂ ಕಾಣಲಿಲ್ಲ. ಕೊಂಡಿಯ ಮೇಲೆ ಜೇಡ ಬಲೆ ಕಟ್ಟಿತ್ತು. ಮೇಷ್ಟ್ರಿಗೆ ಈಗ ಸ್ಕೂಲಿರಲಿಲ್ಲ. ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರು, ಪೇಪರ್ ಓದುತ್ತಿದ್ದರು, ನನ್ನನ್ನು ಕೂಗಿ ರೇಗಿಸುತ್ತಿದ್ದರು. ಕೆಲವು ದಿನ ಅವರ ಷರ್ಟಿನ ಬೆನ್ನು ಬೆವರಿನಲ್ಲಿ ತೊಯ್ದಿರುತ್ತಿತ್ತು. ಸೊಂಟದ ಎರಡು ಪಕ್ಕ ಬಟ್ಟೆ ಮುದುರಿರುತ್ತಿತ್ತು, ಯಾರೋ ಮುಷ್ಟಿಯಲ್ಲಿ ಹಿಡಿದು ಬಿಟ್ಟ ಹಾಗೆ. ನಾನು ನೋಡಿದ್ದೇನೆ. ಕೇಳಿಲ್ಲ.

ಕೆಲವು ವರ್ಷಗಳ ನಂತರ ಅವರು ಹೋದರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಅಕ್ಕ ತಂಗಿಯ ಮನೆಗೆ ಹೋಗಿ ಇರುವುದೆಂದಾಯಿತು. ಮನೆ ಖಾಲಿ ಮಾಡುವಾಗ ನನ್ನನ್ನು ಕರೆದು ಗೋಡೆಯ ಕಡೆ ತೋರಿಸಿದರು.

"ಅದನ್ನ ನೀನೇ ಇಟ್ಕೊಳಪ್ಪ. ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ."

ಇಳಿಸಿಕೊಂಡು ಬಂದೆ. ಗೇಟಿನ ತನಕ ಬಂದ ಅಕ್ಕ ಇನ್ನೊಂದು ಮಾತು ಹೇಳಿದರು. "ಕ್ಯಾರಿಯರ್ ಮೇಲೆ ಏನೂ ಕಟ್ಬೇಡ ಕಣಪ್ಪ."

ಆ ಸಂಜೆ ಬಿಚ್ಚಿ ನೋಡಿದೆ. ಹಿಂದಿನ ಬಿಲ್ಲೆಗಳಲ್ಲಿ ಏಳರ ಮೇಲೆ ನಾನು ಬಳಿದ ನೀಲಿ ಹಾಗೆಯೇ ಇತ್ತು, ಒಂದು ಗೀರೂ ಇಲ್ಲ. ಎಂಟನೆಯದು, ಆ ಮೂವತ್ತನಾಲ್ಕರದ್ದು, ಬೆಳ್ಳಗೆ ಹೊಳೆಯುತ್ತಿತ್ತು. ಹಲ್ಲುಗಳು ಸವೆದು ಒಂದೇ ಕಡೆ ಬಾಗಿ ಕೊಕ್ಕೆಯ ಹಾಗಾಗಿದ್ದವು. ಮುಂದೆ ಇಪ್ಪತ್ತೆರಡರ ಚಕ್ರವೂ ಹಾಗೆಯೇ. ಅದರ ಪಕ್ಕದ ಎರಡು ನೀಲಿ. ಚೈನು ಅಳೆದೆ, ಎಸೆಯುವಷ್ಟು ಹಿಗ್ಗಿತ್ತು. ಭಾರ ಹೊತ್ತು ವರ್ಷಗಟ್ಟಲೆ ಏರು ಹತ್ತಿದ ಗಾಡಿಯಲ್ಲಿ ಇಂಥ ಸವೆತ ಬರುತ್ತದೆ. ಆದರೆ ಏರು ಹತ್ತಿದ ಗಾಡಿ ಇಳಿಯಬೇಕು, ಸಮತಟ್ಟಿನಲ್ಲಿ ಮನೆಗೆ ಬರಬೇಕು. ಮಿಕ್ಕ ಗೇರುಗಳೂ ಸವೆಯಬೇಕು. ಈ ಗಾಡಿ ಬರೀ ಹತ್ತಿತ್ತು.

ಟೈರು ನೋಡಿದೆ. ನಡುವಿನ ಗೆರೆ ಹೊಸದರಂತೆಯೇ ಇತ್ತು. ಗೋಡೆಗೆ ಏರಿದ ಮೇಲೆ ಅದು ನೆಲದ ಮೇಲೆ ಓಡಿರಲಿಲ್ಲ. ಫುಟ್‌ರೆಸ್ಟಿನ ರಬ್ಬರಿನ ಗೀಟುಗಳು ಎರಡೂ ಕಡೆ ನುಣ್ಣಗೆ ಅಳಿಸಿಹೋಗಿದ್ದವು.

ಬಿಲ್ಲೆಗಳನ್ನು ಹಿಡಿದ ಮೊಳೆ ತೆಗೆದು ಆ ಒಂದನ್ನು ಬೇರ್ಪಡಿಸಿ ಡಬ್ಬದಲ್ಲಿಟ್ಟೆ. ಪಾಸೆಂದಾಗಲಿ ಫೇಲೆಂದಾಗಲಿ ಎಲ್ಲೂ ಬರೆಯಲಿಲ್ಲ.

ಈ ಆಯುಧಪೂಜೆಗೆ ಅದನ್ನು ಮತ್ತೆ ಕೈಯಲ್ಲಿ ಹಿಡಿದಾಗ, ಇದನ್ನು ಹೀಗೇ ಬಿಡಬಾರದು ಎನಿಸಿತು. ಗುಬ್ಬಿ ಗೇಟಿನ ಶಾಪಿಗೆ ಹೋಗಿ ಅದೇ ಅಳತೆಯ ಬಿಲ್ಲೆ, ಇಪ್ಪತ್ತೆರಡರ ಚಕ್ರ, ಹೊಸ ಚೈನು ತಂದೆ. ಶಾಪಿನವನು ಈಗ ಕನ್ನಡಕ ಹಾಕುತ್ತಾನೆ. ಹಳೆಯ ಬಿಲ್ಲೆಯನ್ನು ಹೊರಳಿಸಿ ನೋಡಿ, "ಇದ್ಯಾವ್ ಘಾಟಿ ಹತ್ತುದ್ರಿ?" ಎಂದ. ಮೇಷ್ಟ್ರ ಗಾಡಿಯದು ಎಂದೆ. ಅದನ್ನು ಕೌಂಟರ್ ಮೇಲಿಟ್ಟು ಕೈ ಒರೆಸಿಕೊಂಡ.

ಹಬ್ಬ ಕಳೆದ ಭಾನುವಾರ ನಾನು ಆ ಸೈಕಲ್ಲು ಹತ್ತಿದೆ. ನಾಲ್ಕು ಬ್ಯಾಗಿನಲ್ಲಿ ಸಾಮಾನು ತುಂಬಿದ್ದೆ, ಮೇಷ್ಟ್ರು ತುಂಬಿದ್ದಷ್ಟೇ. ಕ್ಯಾರಿಯರ್ ಮೇಲೆ ಹಳೆಯ ಟವೆಲ್ಲು. ಗುಬ್ಬಿಗೆ ಹೋಗಿ ಒಳದಾರಿ ಹಿಡಿದೆ. ದಿಣ್ಣೆಯ ಬುಡದಲ್ಲಿ ನಿಂತು ಕೈ ಹಿಂದಕ್ಕೆ ಚಾಚಿ ಎರಡು ಸಲ ತಟ್ಟಿದೆ. ಏನೂ ಜಗ್ಗಲಿಲ್ಲ.

ತೀರ ಕೆಳಗಿನ ಗೇರಿಗೆ ಹಾಕಿ ತುಳಿದೆ. ಕಾಲು ಸುಮ್ಮನೆ ಗಿರಗಿರ ತಿರುಗಿತು, ಸೈಕಲ್ಲು ಓಲಾಡಿತು. ಬೀಳುವ ಹಾಗಾಯಿತು. ಒಂದು ಗೇರು ಏರಿಸಿದೆ, ಇನ್ನೊಂದು ಏರಿಸಿದೆ, ಮುಂದೆ ನಡುವಿನ ಚಕ್ರಕ್ಕೆ ತಂದೆ. ಗಾಡಿ ಹಗುರವಾಗಿ ಹೋಯಿತು. ನಾಲ್ಕು ಬ್ಯಾಗಿನ ಭಾರವಷ್ಟೇ, ನನ್ನ ಮೊದಲ ಲೆಕ್ಕದಲ್ಲಿದ್ದಷ್ಟೇ. ಆ ಗೇರು ಬೇಕಾಗಲೇ ಇಲ್ಲ. ಅರ್ಧ ದಿಣ್ಣೆಯಲ್ಲಿ ನನ್ನ ಕಣ್ಣಲ್ಲಿ ನೀರು ಬಂತು. ಹಗುರವಾಗಿದ್ದಕ್ಕೆ.

ಮೇಲೆ ಒಂದು ಕಾಲು ಊರಿ ನಿಂತೆ. ಮುಂದೆ ಕುಣಿಗಲ್ ಕೆರೆ ಹೊಳೆಯುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಇದ್ನಾ ಎಂದು ಕೇಳಲು, ಇಲ್ಲ ಎಂದು ಹೇಳಲು. ತಿರುಗಿ ನೋಡಿದೆ. ಬಯಲು, ಜಾಲಿ, ನೆಟ್ಟಗಿನ ರಸ್ತೆ. ಟೈರು ದುಂಡಗಿತ್ತು.

ಇಳಿಜಾರಿಗೆ ಬಿಡಬಹುದಿತ್ತು. ಬಿಡಲಿಲ್ಲ. ಸಂಜೆಯ ಬಿಸಿಲು ಬೆನ್ನಿಗೆ ಬರುವ ತನಕ ಅಲ್ಲೇ ಕಾದೆ.